ಎಲೆ ನೋಡಿ ಔಷಧಿ ಹಾಕಬೇಡಿ, ಬುಡ ಬಿಡಿಸಿ ನೋಡಿ: ಹಣ್ಣಿನ ಮರಗಳ ಬೇರು ಕೊಳೆ, ಬುಡ ಕೊಳೆ ಪತ್ತೆ ಹಚ್ಚುವ ಬಗೆ

ಮರದ ಎಲೆ ಜೋತು ಬಿದ್ದಿದೆ. ಮಣ್ಣು ಮುಟ್ಟಿದರೆ ಒದ್ದೆ. ಇವೆರಡೂ ಒಟ್ಟಿಗೆ ಕಂಡರೆ ಮೊದಲು ನೀರು ನಿಲ್ಲಿಸಿ. ಗೊಬ್ಬರ, ಔಷಧಿ ಎಲ್ಲ ಆಮೇಲೆ.

ಬಾಡಿದ ಮರ ಕಂಡ ಕೂಡಲೇ ಪೈಪ್ ಹಿಡಿದು ಓಡುವುದು ಎಲ್ಲರ ಅಭ್ಯಾಸ. ಬೇರು ಕೊಳೆತ ಮರಕ್ಕೆ ಅದೇ ಕುತ್ತು. ಮಣ್ಣಿನಲ್ಲಿ ನೀರೇನೋ ಇದೆ, ಅದನ್ನು ಎಳೆದುಕೊಳ್ಳುವ ಬೇರು ಉಳಿದಿಲ್ಲ ಅಷ್ಟೆ. ಮೇಲೆ ಮೇಲೆ ನೀರು ಹಾಕಿದರೆ ಉಳಿದ ಬೇರಿಗೂ ಉಸಿರು ಕಟ್ಟುತ್ತದೆ, ರೋಗಾಣುವಿಗೆ ಈಜಲು ದಾರಿಯೂ ಆಗುತ್ತದೆ. ಈಜುವುದು ಅಂತ ಸುಮ್ನೆ ಮಾತಿಗೆ ಹೇಳಿದ್ದಲ್ಲ. ಬುಡ ಕೊಳೆಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವ ಫೈಟೋಫ್ಥೊರಾ ಎಂಬ ರೋಗಾಣುವಿನ ಬೀಜಕಣಗಳಿಗೆ ಎರಡೆರಡು ಬಾಲಗಳಿವೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಅವು ಹೊರಬಂದು, ಬೇರಿನ ತುದಿ ಒಸರುವ ರಸದ ಜಾಡು ಹಿಡಿದು, ಅಲ್ಲಿಗೇ ಬಂದು ಅಂಟಿಕೊಳ್ಳುತ್ತವೆ. ಕೆಲವು ಗಂಟೆ ನೀರು ನಿಂತರೂ ಅವಕ್ಕೆ ಸಾಕು.

ಎಲೆ ನೋಡಿ ಬೇರಿನ ರೋಗಕ್ಕೆ ಹೆಸರಿಡಲು ಆಗುವುದಿಲ್ಲ. ಬೇರು ಕೊಳೆಸುವ ರೋಗಾಣುಗಳು ಹಲವು. ಒಂದನ್ನು ಹಿಡಿಯುವ ಔಷಧಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ಹಾಗಾಗಿ ಅಗೆದು ನೋಡದೆ ಗತಿಯಿಲ್ಲ.

ಮೇಲಿನಿಂದ ಕಾಣುವುದು

ಎಲೆ ಸಣ್ಣದಾಗುತ್ತದೆ, ಹಸಿರು ಮಾಸುತ್ತದೆ, ನರ ಹಳದಿಯಾಗುತ್ತದೆ. ಹೊಸ ಚಿಗುರು ಬರುವುದಿಲ್ಲ, ರೆಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ. ಹಣ್ಣು ತುಂಬಾ ಹಿಡಿಯುತ್ತದೆ, ಆದರೆ ಗಾತ್ರ ಬರುವುದಿಲ್ಲ. ಕೆಲವು ಮರಗಳು ಸಾಯುವ ಮುಂಚೆ ಹೊತ್ತಲ್ಲದ ಹೊತ್ತಲ್ಲಿ ಮೈತುಂಬ ಹೂ ಬಿಡುತ್ತವೆ. ನೋಡಿದವರು ಖುಷಿಪಡುತ್ತಾರೆ, ಖುಷಿಪಡುವಂಥದ್ದಲ್ಲ.

ಇಂಥ ಹಲವು ಲಕ್ಷಣ ಸತುವಿನ ಕೊರತೆಯಲ್ಲೂ, ಬೇರಿಗೆ ಬೀಳುವ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು (ನೆಮಟೋಡ್) ಕಾಟದಲ್ಲೂ, ಬರೀ ನೀರು ನಿಂತಾಗಲೂ ಕಾಣಬಹುದು. ಮೇಲಿನಿಂದ ಗಮನಿಸಬೇಕಾದದ್ದು ಎರಡು ಸಂಗತಿ ಮಾತ್ರ. ಒಂದು, ವೇಗ. ಒಂದೆರಡು ವರ್ಷ ಸೊರಗುತ್ತಾ ಬಂದ ಮರವಾದರೆ ಹೀರುಬೇರುಗಳು ನಿಧಾನಕ್ಕೆ ಕೊಳೆಯುತ್ತಿವೆ ಎನ್ನಬಹುದು. ಕೆಲವೇ ದಿನಗಳಲ್ಲಿ ಒಣಗಿ, ಒಣ ಎಲೆ ಉದುರದೆ ಮರದಲ್ಲೇ ನೇತಾಡುತ್ತಿದ್ದರೆ ಎರಡು ಸಾಧ್ಯತೆ: ಬುಡದ ತೊಗಟೆ ಸುತ್ತಲೂ ಸತ್ತಿದೆ, ಇಲ್ಲವೇ ರೋಗ ಮರದೊಳಗಿನ ನೀರಿನ ಕೊಳವೆಗಳಿಗೇ ಇಳಿದಿದೆ. ಎರಡು, ಮರದ ಒಂದೇ ಮಗ್ಗುಲು ಬಾಡಿದೆಯೋ ಎಲ್ಲ ಕಡೆಯೋ ಎಂಬುದು. ಒಂದು ಮಗ್ಗುಲಾದರೆ ಅಗೆಯುವ ಕೆಲಸ ಅದೇ ಬದಿಯಿಂದ ಶುರುವಾಗಲಿ.

ಬುಡ ಬಿಡಿಸುವುದು

ಸಣ್ಣ ಕೈಗುದ್ದಲಿ, ಹರಿತವಾದ ಚಾಕು, ಒಂದು ಬಕೆಟ್ ನೀರು, ಚಾಕು ಒರೆಸಲು ಸ್ಪಿರಿಟ್. ಇಷ್ಟು ಸಾಕು. ದೊಡ್ಡ ಗುದ್ದಲಿ ಬೇಡ. ಅದರ ಒಂದು ಏಟಿಗೆ ತೊಗಟೆ ಸೀಳಿದರೆ ನೀವೇ ರೋಗಕ್ಕೆ ಬಾಗಿಲು ತೆರೆದಂತೆ.

ಕಾಂಡಕ್ಕೆ ಒತ್ತಿಕೊಂಡಿರುವ ಮಣ್ಣು, ಹೊದಿಕೆ, ಕಸ ಎಲ್ಲ ಸರಿಸಿ. ದೊಡ್ಡ ಬೇರುಗಳು ಕಾಂಡದಿಂದ ಕವಲೊಡೆಯುವ ಜಾಗ ಕಾಣುವವರೆಗೂ ಕೆದಕುತ್ತಾ ಹೋಗಿ. ಕೆಲವೊಮ್ಮೆ ಆ ಜಾಗ ಒಂದು ಗೇಣು ಆಳದಲ್ಲಿರುತ್ತದೆ. ನೆಡುವಾಗಲೇ ಆಳಕ್ಕೆ ಇಟ್ಟಿರುತ್ತಾರೆ, ಇಲ್ಲವೇ ವರ್ಷ ವರ್ಷ ಗೊಬ್ಬರ, ಮಣ್ಣು ಏರಿಸುತ್ತಾ ಕಾಂಡವನ್ನು ಹೂತು ಹಾಕಿರುತ್ತಾರೆ. ಕಸಿ ಗಂಟೇ ಮಣ್ಣಿನೊಳಗೆ ಹೋಗಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ರೋಗ ತಡೆಯುವ ಬೇರುಸಸಿಯ (ಕಸಿಗೆ ಬೇರು ಕೊಡುವ ಕೆಳಗಿನ ಗಿಡ) ಮೇಲೆ ಕಸಿ ಕಟ್ಟುವುದೇ ಮೇಲಿನ ನಾಜೂಕು ತಳಿ ಮಣ್ಣಿಗೆ ತಾಗದಿರಲಿ ಅಂತ. ಗಂಟು ಹೂತರೆ ಆ ರಕ್ಷಣೆಯೇ ಇಲ್ಲವಾಯಿತು, ಅಲ್ವಾ?

ಈಗ ಬುಡಕ್ಕೆ ನೀರು ಸುರಿದು ಮಣ್ಣು ತೊಳೆಯಿರಿ. ತೊಗಟೆಯ ಬಣ್ಣ ಸುತ್ತಲೂ ನೋಡಿ. ಎಲ್ಲಿ ಕಪ್ಪಾಗಿದೆ, ಎಲ್ಲಿ ಒದ್ದೆ ಕಲೆ ಇದೆ, ಎಲ್ಲಿ ಅಂಟು ಸೋರಿದೆ, ಎಲ್ಲಿ ಬಿರುಕು ಬಿಟ್ಟಿದೆ, ಬೆರಳಿನಿಂದ ಒತ್ತಿದರೆ ಎಲ್ಲಿ ಮೆತ್ತಗಿದೆ. ಕಿತ್ತಳೆ, ನಿಂಬೆ ಜಾತಿಯಲ್ಲಿ ಅಂಟು ಹನಿ ಹನಿಯಾಗಿ ಕಾಣುತ್ತದೆ. ಆದರೆ ಮಳೆಯಲ್ಲಿ ಅದು ಕರಗಿ ಹೋಗುತ್ತದೆ. ಹಾಗಾಗಿ ಅಂಟು ಕಾಣಲಿಲ್ಲ ಎಂದು ರೋಗ ಇಲ್ಲ ಅನ್ನಬೇಡಿ.

ಚಾಕು ಹೇಳುವ ಮಾತು

ಎಲ್ಲಕ್ಕಿಂತ ಹೆಚ್ಚು ಮಾಹಿತಿ ಸಿಗುವುದು ಇಲ್ಲಿ. ಅನುಮಾನ ಬಂದ ಜಾಗದಲ್ಲಿ ತೊಗಟೆಯ ಹೊರ ಪದರವನ್ನು ತೆಳ್ಳಗೆ ಹೆರೆಯಿರಿ. ಕಲೆಯ ಮಧ್ಯದಲ್ಲಿ ಹೆರೆದು ನಿಲ್ಲಿಸಬೇಡಿ. ಅಲ್ಲಿ ಎಲ್ಲ ಸತ್ತಿರುತ್ತದೆ, ಸತ್ತದ್ದರ ಮೇಲೆ ಬೇರೆ ಹತ್ತು ಬಗೆಯ ಬೂಷ್ಟು ಕೂತಿರುತ್ತದೆ. ಕಲೆಯ ಅಂಚಿನವರೆಗೂ, ಅಂಚು ದಾಟಿ ಒಳ್ಳೆ ತೊಗಟೆ ಸಿಗುವವರೆಗೂ ಹೆರೆಯಿರಿ. ಒಳ್ಳೆ ತೊಗಟೆಯ ಒಳಭಾಗ ಹಸಿ ಬಿಳುಪು ಅಥವಾ ತಿಳಿ ಹಸಿರು. ರೋಗ ಬಂದದ್ದು ಕಂದು. ಇವೆರಡರ ನಡುವಿನ ಗೆರೆ ಹೇಗಿದೆ ಎಂಬುದೇ ಮುಖ್ಯ.

ಗೆರೆ ಸ್ಪಷ್ಟವಾಗಿದೆ, ಕಂದು ಬಣ್ಣ ಕೆಂಪಿನ ಕಡೆಗೆ ವಾಲಿದೆ, ಕಲೆ ಬುಡದಿಂದ ಮೇಲಕ್ಕೆ ನಾಲಿಗೆಯಂತೆ ಚಾಚಿದೆ, ತೊಗಟೆ ಕಿತ್ತರೆ ಒಳಗಿನ ಕಟ್ಟಿಗೆ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇದೆ. ಇದು ಫೈಟೋಫ್ಥೊರಾ. ಕಿತ್ತಳೆ, ನಿಂಬೆ, ಮೂಸಂಬಿಯಲ್ಲಿ ಅಂಟು ಸೋರುವ ರೋಗ ತರುವುದು, ಸೇಬಿನ ಬುಡ ಕೊಳೆಸುವುದು, ಬೆಣ್ಣೆಹಣ್ಣಿನ ಬೇರು ತಿನ್ನುವುದು ಎಲ್ಲ ಇದೇ ಕುಲದ ಬೇರೆ ಬೇರೆ ಜಾತಿಗಳು. ಬೆಣ್ಣೆಹಣ್ಣಿನ ಬೇರು ಕೊಳೆಸುವ ಫೈಟೋಫ್ಥೊರಾ ಸಿನ್ನಮೊಮಿಯನ್ನು ಮೊದಲು ವಿವರಿಸಿದ್ದು 1922ರಲ್ಲಿ, ಸುಮಾತ್ರಾದ ದಾಲ್ಚಿನ್ನಿ ಮರಗಳ ಮೇಲೆ. ಈಗ ಅದು ಸಾವಿರಾರು ಜಾತಿಯ ಗಿಡಮರಗಳಿಗೆ ತಗುಲುತ್ತದೆ ಎಂದು ಗೊತ್ತಾಗಿದೆ.

ತೊಗಟೆ ಎಬ್ಬಿಸಿದಾಗ ತೊಗಟೆಗೂ ಕಟ್ಟಿಗೆಗೂ ನಡುವೆ ಬೆಳ್ಳಗೆ, ಬೀಸಣಿಗೆಯ ಹಾಗೆ ಹರಡಿದ ಬೂಷ್ಟಿನ ಹಾಳೆ ಸಿಕ್ಕಿದರೆ, ಮೂಸಿದರೆ ಅಣಬೆ ವಾಸನೆ ಬಂದರೆ, ಅದು ಆರ್ಮಿಲೇರಿಯಾ. ಬೇರಿನ ಮೇಲೆ ಕಪ್ಪು ದಾರಗಳೂ ಇರಬಹುದು. ಅವು ಬೇರಲ್ಲ, ಶಿಲೀಂಧ್ರವೇ ಹೆಣೆದುಕೊಂಡ ಹಗ್ಗ. ಮುರಿದರೆ ಒಳಗೆ ಬಿಳಿ ತಿರುಳು ಕಾಣುತ್ತದೆ. ಬೇರಿನ ಹೊರಮೈ ಮೇಲೆಯೇ ಬಿಳಿ ಅಥವಾ ಬೂದು ಬಣ್ಣದ ಹತ್ತಿಯಂಥ ಬೂಷ್ಟು ಸುತ್ತಿಕೊಂಡಿದ್ದರೆ ರೊಸೆಲಿನಿಯಾ, ಅಂದರೆ ಬಿಳಿ ಬೇರು ಕೊಳೆ, ಎಂದು ಅನುಮಾನಿಸಿ.

ಎಳೆ ಗಿಡದ ಬುಡದಲ್ಲಿ, ಮಣ್ಣಿನ ಮಟ್ಟದಲ್ಲೇ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳು ಕಂಡರೆ ತಲೆ ಕೆಡಿಸಿಕೊಳ್ಳುವುದು ಬೇಡ. ಅದು ಸ್ಕ್ಲೆರೋಶಿಯಂ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅವನ್ನು ಅಲ್ಲೇ ಕೊಡವದೆ, ಮೇಲ್ಮಣ್ಣಿನ ಸಮೇತ ಬಾಚಿ ತೆಗೆಯಿರಿ.

ತೊಗಟೆಯಲ್ಲಿ ಏನೂ ಕಾಣುತ್ತಿಲ್ಲ, ಮರ ಮಾತ್ರ ಒಣಗುತ್ತಿದೆ. ಆಗ ಒಣಗಿದ ಬದಿಯ ದಪ್ಪ ಬೇರನ್ನು ಅಥವಾ ಕಾಂಡದ ಬುಡವನ್ನು ಅಡ್ಡಕ್ಕೆ ಕತ್ತರಿಸಿ ಕಟ್ಟಿಗೆ ನೋಡಿ. ದಾಳಿಂಬೆಯಲ್ಲಿ ಕಟ್ಟಿಗೆಯೊಳಗೆ ಬೂದು ಮಿಶ್ರಿತ ಗಾಢ ಕಂದು ಪಟ್ಟೆಗಳು ನಡುವಿನಿಂದ ಹೊರಕ್ಕೆ ನಕ್ಷತ್ರದ ಹಾಗೆ ಹರಡಿದ್ದರೆ ಸೆರಟೋಸಿಸ್ಟಿಸ್ ಸೊರಗು ರೋಗ. ಸೀಬೆಯ ಸೊರಗು ರೋಗದಲ್ಲೂ ಒಳಗಿನ ಕೊಳವೆಗಳು ಕಂದಾಗುತ್ತವೆ. ಅಲ್ಲಿ ಮುಖ್ಯ ಆರೋಪಿ ಫ್ಯುಸೇರಿಯಂ, ಅದರ ಜೊತೆಗೆ ಬೇರು ಗಂಟು ಜಂತುಹುಳು ಇದ್ದರೆ ಕಾಟ ಇಮ್ಮಡಿ.

ಇನ್ನು ಬುಡದಲ್ಲಿ ಗಟ್ಟಿಯಾದ, ಮೆರುಗೆಣ್ಣೆ ಬಳಿದಂತಿರುವ ಅಣಬೆ ಮೂಡಿದ್ದರೆ ಗ್ಯಾನೊಡರ್ಮಾ. ಅಣಬೆ ಹೊರಗೆ ಬರುವ ಹೊತ್ತಿಗೆ ಒಳಗಿನ ಕಟ್ಟಿಗೆ ಸಾಕಷ್ಟು ಕೊಳೆತಿರುತ್ತದೆ. ಅಂಥ ಮರ ಗಾಳಿಗೆ ಉರುಳಬಹುದು. ಕೆಳಗೆ ಜನ ಓಡಾಡುವ ಜಾಗವಾದರೆ ಔಷಧಿ ಯೋಚನೆ ಬಿಟ್ಟು ಮರ ಇಳಿಸಿ.

ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಸೆರಟೋಸಿಸ್ಟಿಸ್ ಕತ್ತರಿಯ ಮೂಲಕವೂ ಹರಡುತ್ತದೆ.

ಸಣ್ಣ ಬೇರುಗಳ ಪರೀಕ್ಷೆ

ಬುಡ ಚೆನ್ನಾಗಿದ್ದರೂ ಹೀರುಬೇರು ಹೋಗಿರಬಹುದು. ಮರದ ನೆರಳಿನ ಅಂಚಿನಿಂದ ಸ್ವಲ್ಪ ಒಳಗೆ, ಹನಿ ಬೀಳುವ ಜಾಗದ ಹತ್ತಿರ, 10ರಿಂದ 20 ಸೆಂಟಿಮೀಟರ್ ಆಳದ ಒಂದು ಹೆಂಟೆ ಎತ್ತಿ ನೀರಿನಲ್ಲಿ ಅದ್ದಿ ಕರಗಿಸಿ. ಎಳೆದು ಕೀಳಬೇಡಿ, ಕೊಳೆತ ಬೇರು ಮಣ್ಣಲ್ಲೇ ಉಳಿದುಬಿಡುತ್ತದೆ. ಆರೋಗ್ಯದ ಬೇರಿನ ತುದಿ ಬಿಳಿ ಅಥವಾ ಕೆನೆ ಬಣ್ಣ. ಕೊಳೆತದ್ದು ಕಂದು, ಕಪ್ಪು. ಎರಡು ಬೆರಳ ನಡುವೆ ಹಿಡಿದು ಎಳೆದರೆ ಹೊರ ಸಿಪ್ಪೆ ಕಳಚಿ ಒಳಗಿನ ನೂಲು ಮಾತ್ರ ಉಳಿಯುತ್ತದೆ. ಕಿತ್ತಳೆ ಜಾತಿಯಲ್ಲಿ ಇದು ತುಂಬಾ ಚೆನ್ನಾಗಿ ಗೊತ್ತಾಗುತ್ತದೆ. ಬೆಣ್ಣೆಹಣ್ಣಿನಲ್ಲಿ ಬೇರು ಕಪ್ಪಾಗಿ, ಪಟಕ್ಕನೆ ಮುರಿಯುತ್ತದೆ.

ಬೇರಿನಲ್ಲಿ ಗಂಟು ಗಂಟಾಗಿದ್ದರೆ ಜಂತುಹುಳು. ಮಣ್ಣು ಕೊಳೆ ಮೊಟ್ಟೆಯ ವಾಸನೆ ಹೊಡೆಯುತ್ತಿದ್ದು, ಬೇರೆಲ್ಲ ಒಂದೇ ಸಮ ನೀಲಿ ಕಪ್ಪಾಗಿದ್ದರೆ ಅದು ಹೆಚ್ಚಾಗಿ ಬರೀ ಉಸಿರುಗಟ್ಟಿದ ಬೇರು. ನೀರು ಬಸಿದರೆ ಹಲವು ಮರಗಳು ತಾವೇ ಚೇತರಿಸಿಕೊಳ್ಳುತ್ತವೆ. ಆದರೆ ಹಾಗೆ ಉಸಿರುಗಟ್ಟಿದ ಬೇರಿಗೇ ಫೈಟೋಫ್ಥೊರಾ ಬೇಗ ಬೀಳುವುದು. ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಯಾವಾಗಲೂ ಸುಲಭವಲ್ಲ.

ಪಪ್ಪಾಯಿಯ ಕತೆ ಚಿಕ್ಕದು. ನೀರು ನಿಂತ ಕಡೆ ಬುಡ ಮೆತ್ತಗಾಗಿ, ಕೊಳೆತು, ಗಿಡ ವಾಲಿ ಬೀಳುತ್ತದೆ. ಪಿಥಿಯಂ ಎಂಬ ರೋಗಾಣು, ಫೈಟೋಫ್ಥೊರಾ ಎರಡೂ ಇದನ್ನು ಮಾಡುತ್ತವೆ. ಬಿದ್ದ ಗಿಡ ಉಳಿಸಲು ಹೋಗಬೇಡಿ, ಪಕ್ಕದ ಗಿಡದ ನೀರು ಬಸಿಯಿರಿ.

ರೋಗವೇ ಅಲ್ಲದಿದ್ದರೆ

ಬುಡದಲ್ಲಿ ತೂತು, ಅದರಿಂದ ಮರದ ಹುಡಿ ಉದುರಿದೆಯೇ? ಕಾಂಡ ಕೊರಕ. ತೊಗಟೆ ಹಲ್ಲಿನ ಗುರುತಿನೊಂದಿಗೆ ಸುತ್ತಲೂ ಕಿತ್ತುಹೋಗಿದೆಯೇ? ಇಲಿ ಹೆಗ್ಗಣ. ಕಳೆ ಕತ್ತರಿಸುವ ಯಂತ್ರದ ದಾರ ಬಡಿದ ಗಾಯ, ಕಟ್ಟಿ ಮರೆತ ಹಗ್ಗ ತೊಗಟೆಯೊಳಗೆ ಇಳಿದದ್ದು, ಎಳೆ ತೊಗಟೆಗೆ ಬಿದ್ದ ಕಳೆನಾಶಕ, ಬುಡಕ್ಕೇ ಸುರಿದ ರಾಸಾಯನಿಕ ಗೊಬ್ಬರ, ಇವೂ ಬುಡ ಕೊಳೆಯ ಹಾಗೇ ಕಾಣುತ್ತವೆ. ಗಾಯದ ಅಂಚು ಒಣಗಿ ನಿಂತಿದ್ದು, ಸುತ್ತಲೂ ಹೊಸ ತೊಗಟೆ ಉಬ್ಬಿ ಬರುತ್ತಿದ್ದರೆ ಮರ ತನ್ನ ಕೆಲಸ ತಾನು ಮಾಡುತ್ತಿದೆ. ಅದನ್ನು ಮುಟ್ಟಬೇಡಿ.

ತೋಟದಲ್ಲಿ ಎಲ್ಲೆಲ್ಲಿ?

ಒಂದು ಹಾಳೆಯ ಮೇಲೆ ಮರಗಳ ಸಾಲು ಬರೆದು, ಸತ್ತದ್ದು, ಸೊರಗಿದ್ದು ಗುರುತು ಹಾಕಿ. ಹತ್ತು ನಿಮಿಷದ ಕೆಲಸ, ಆದರೆ ಮಾಡುವವರು ಕಡಿಮೆ. ತಗ್ಗಿನಲ್ಲಿ, ಕಾಲುವೆ ಗುಂಟ, ಪೈಪ್ ಸೋರುವ ಜಾಗದಲ್ಲಿ ಗುಂಪಾಗಿದ್ದರೆ ಫೈಟೋಫ್ಥೊರಾ ಕಡೆಗೆ ಬೆರಳು ಮಾಡಿ. ಒಂದು ಮರದಿಂದ ಸುತ್ತಲಿನ ಮರಕ್ಕೆ, ವರ್ಷದಿಂದ ವರ್ಷಕ್ಕೆ ವೃತ್ತ ದೊಡ್ಡದಾಗುತ್ತಿದ್ದರೆ ಬೇರಿಗೆ ಬೇರು ತಾಗಿ ಹರಡುವ ಆರ್ಮಿಲೇರಿಯಾ, ರೊಸೆಲಿನಿಯಾ. ಹಳೆಯ ಕಾಡುಮರದ ಬೊಡ್ಡೆ ಇದ್ದ ಜಾಗವೇ ವೃತ್ತದ ನಡು ಆಗಿದ್ದರೆ ಅನುಮಾನ ಇನ್ನೂ ಗಟ್ಟಿ. ಸಾಲು ಹಿಡಿದು, ರೆಂಬೆ ಸವರುತ್ತಾ ಹೋದ ದಿಕ್ಕಿನಲ್ಲೇ, ನೀರು ಹರಿದ ದಿಕ್ಕಿನಲ್ಲೇ ದಾಳಿಂಬೆ ಒಣಗುತ್ತಾ ಬಂದರೆ ಸೆರಟೋಸಿಸ್ಟಿಸ್.

ಮಣ್ಣು ನೀರು ಬಸಿಯುತ್ತದೋ ಇಲ್ಲವೋ ಎಂಬುದಕ್ಕೂ ಒಂದು ಸರಳ ಪರೀಕ್ಷೆ ಇದೆ. 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿ. ಪೂರ್ತಿ ಇಂಗಿದ ಮೇಲೆ ಇನ್ನೊಮ್ಮೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. 2.5 ಸೆಂಟಿಮೀಟರ್‌ಗಿಂತ ಕಡಿಮೆ ಇಳಿದರೆ ಆ ಜಾಗದಲ್ಲಿ ಬಸಿಗಾಲುವೆ ಇಲ್ಲದೆ ಮರ ಇಡುವುದೇ ಅಪಾಯ.

ಅನುಮಾನ ಉಳಿದರೆ

ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ. ಎರಡನ್ನೂ ಸಸ್ಯರೋಗ ತಜ್ಞರು ಬಹಳ ಕಾಲದಿಂದ ಬಳಸುತ್ತಿದ್ದಾರೆ.

ಫೈಟೋಫ್ಥೊರಾಗೆ ಹಣ್ಣಿನ ಬಲೆ. ಸೊರಗಿದ ಮರದ ಕೆಳಗಿನ ಮೂರ್ನಾಲ್ಕು ಕಡೆಯಿಂದ ಬೇರು ಸಮೇತ ಮಣ್ಣು ತಂದು ಡಬ್ಬಿಗೆ ಹಾಕಿ. ಅದರ ಮೇಲೆ ಗಾಯವಿಲ್ಲದ, ಗಟ್ಟಿಯಾದ ಹಸಿರು ಪೇರ್ ಹಣ್ಣು ಇಡಿ. ಪೇರಲೆ ಅಲ್ಲ, ಸೇಬಿನ ನೆಂಟನಾದ ಪೇರ್. ಹಣ್ಣು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಳುಗುವಷ್ಟು ಕ್ಲೋರಿನ್ ಇಲ್ಲದ ನೀರು ಹಾಕಿ ನೆರಳಲ್ಲಿ ಬಿಡಿ. ಮೂರರಿಂದ ಐದು ದಿನದಲ್ಲಿ ನೀರಿನ ಮಟ್ಟದ ಆಸುಪಾಸಿನಲ್ಲಿ ಕಂದು ಕಲೆ ಬಂದು, ಒತ್ತಿದರೂ ಗಟ್ಟಿಯಾಗಿಯೇ ಇದ್ದರೆ ಫೈಟೋಫ್ಥೊರಾ ಇರುವ ಸಾಧ್ಯತೆ ಹೆಚ್ಚು. ಕಲೆ ನೀರು ನೀರಾಗಿ ಮೆತ್ತಗಿದ್ದರೆ ಅದು ಪಿಥಿಯಂ ಅಥವಾ ಬರೀ ಕೊಳೆ. ಆರೋಗ್ಯದ ಮರದ ಮಣ್ಣಿನಿಂದ ಇನ್ನೊಂದು ಡಬ್ಬಿಯನ್ನೂ ಪಕ್ಕದಲ್ಲಿ ಇಡಿ. ಹೋಲಿಸದೆ ಇದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಕಲೆ ಬರಲಿಲ್ಲ ಎಂದ ಮಾತ್ರಕ್ಕೆ ರೋಗಾಣು ಇಲ್ಲವೆಂದೂ ಅಲ್ಲ. ಒಣ ಮಣ್ಣಲ್ಲಿ ಅದು ನಿದ್ದೆ ಮಾಡುತ್ತಿರುತ್ತದೆ.

ಸೆರಟೋಸಿಸ್ಟಿಸ್‌ಗೆ ಕ್ಯಾರೆಟ್. ಕಲೆಯಾದ ಕಟ್ಟಿಗೆಯ ತೆಳು ಚೂರನ್ನು ಎರಡು ಕ್ಯಾರೆಟ್ ಬಿಲ್ಲೆಗಳ ನಡುವೆ ಇಟ್ಟು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಡಿ. ಒಂದು ವಾರ, ಹತ್ತು ದಿನದಲ್ಲಿ ಉದ್ದ ಕತ್ತಿನ ಪುಟ್ಟ ಕಪ್ಪು ಬುಡ್ಡಿಗಳು ಎದ್ದು, ಕತ್ತಿನ ತುದಿಯಲ್ಲಿ ಅಂಟು ಹನಿ ನಿಂತಿರುವುದು ಭೂತಗನ್ನಡಿಯಲ್ಲಿ ಕಾಣುತ್ತದೆ.

ಪ್ರಯೋಗಾಲಯಕ್ಕೆ ಕಳಿಸುವುದಾದರೆ ಪೂರ್ತಿ ಸತ್ತ ಮರದ ಒಣ ಬೇರು ಕಳಿಸಬೇಡಿ. ಸೊರಗುತ್ತಿರುವ ಮರದ, ಸತ್ತ ಭಾಗಕ್ಕೂ ಜೀವ ಇರುವ ಭಾಗಕ್ಕೂ ನಡುವಿನ ಅಂಚಿನ ತುಂಡು, ಹೀರುಬೇರು, ಹಿಡಿ ಹಸಿ ಮಣ್ಣು ಕಳಿಸಿ. ಬಿಸಿಲಿಗೆ ಬಿದ್ದ ಚೀಲದಲ್ಲಿ ಎಲ್ಲ ಬೆಂದು ಹೋಗುತ್ತದೆ.

ಯಾವ ಔಷಧಿ ಯಾವುದಕ್ಕೆ

ಇಷ್ಟೆಲ್ಲ ಅಗೆದದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ. ಫೈಟೋಫ್ಥೊರಾ ಮತ್ತು ಪಿಥಿಯಂ ನಿಜವಾದ ಶಿಲೀಂಧ್ರಗಳಲ್ಲ. ನೋಡಲು ಹಾಗಿದ್ದರೂ ಬೇರೆಯೇ ಗುಂಪು. ಎಲ್ಲದಕ್ಕೂ ಸುರಿಯುವ ಕಾರ್ಬೆಂಡಜಿಮ್ ಅವಕ್ಕೆ ತಾಗುವುದೇ ಇಲ್ಲ. ಅವಕ್ಕೆ ಬೇಕಾದದ್ದು ಮೆಟಲಾಕ್ಸಿಲ್, ಫೊಸೆಟೈಲ್ ಅಲ್ಯೂಮಿನಿಯಂ, ಪೊಟ್ಯಾಶಿಯಂ ಫಾಸ್ಫೊನೇಟ್. ಇವುಗಳನ್ನು ಫ್ಯುಸೇರಿಯಂ, ಆರ್ಮಿಲೇರಿಯಾ ಮೇಲೆ ಸುರಿದರೆ ದುಡ್ಡು ನೀರಿಗೆ ಹಾಕಿದಂತೆ. ಪ್ರಮಾಣ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನ, ಆ ಬೆಳೆಗೆ ಅನುಮತಿ ಇದೆಯೇ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಿ.

ಫಾಸ್ಫೊನೇಟ್ ಗೊಬ್ಬರದ ರಂಜಕ ಅಲ್ಲ, ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಇದು ಎಲೆಯಿಂದ ಬೇರಿಗೆ ಇಳಿಯಬಲ್ಲದು, ಬೆಣ್ಣೆಹಣ್ಣಿನ ಕಾಂಡಕ್ಕೆ ಚುಚ್ಚುಮದ್ದಾಗಿಯೂ ಕೊಡುತ್ತಾರೆ. ಎಳೆ ಚಿಗುರು ಇರುವಾಗ ಕೊಟ್ಟರೆ ಔಷಧಿ ಚಿಗುರಿಗೇ ಹೋಗುತ್ತದೆ. ಎಲೆ ಬಲಿತು, ಬೇರು ಹೊಸದಾಗಿ ಓಡುವ ಹೊತ್ತಿಗೆ ಕೊಡಿ. ಮೆಟಲಾಕ್ಸಿಲ್ ಒಂದನ್ನೇ ಮತ್ತೆ ಮತ್ತೆ ಹಾಕಿದರೆ ರೋಗಾಣು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳೂ ಅದನ್ನು ಬೇಗ ಬೇಗ ಒಡೆಯಲು ಕಲಿಯುತ್ತವೆ.

ಸೆರಟೋಸಿಸ್ಟಿಸ್‌ಗೆ ಪ್ರೊಪಿಕೊನಜೋಲ್ ಬುಡಕ್ಕೆ ಹಾಕುತ್ತಾರೆ. ಪೂರ್ತಿ ಒಣಗಿದ ಗಿಡಕ್ಕೆ ಅಲ್ಲ, ಈಗಷ್ಟೇ ಶುರುವಾದದ್ದಕ್ಕೂ ಸುತ್ತಲಿನ ಗಿಡಗಳಿಗೂ. ಆರ್ಮಿಲೇರಿಯಾಗೆ ನಂಬಬಹುದಾದ ಔಷಧಿ ಇಲ್ಲ. ಬುಡ ಬಿಡಿಸಿ ಗಾಳಿಗೆ ಒಡ್ಡಿದರೆ ಅದರ ಓಟ ನಿಧಾನವಾಗುತ್ತದೆ, ಅಷ್ಟೇ. ರೋಗಾಣುಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೊಡರ್ಮಾ ಒಳ್ಳೆಯದೇ, ಆದರೆ ಅದು ಕಾವಲಿಗೆ. ಕಳಿತ ಗೊಬ್ಬರದೊಂದಿಗೆ ಮುಂಚೆಯೇ ಕೊಡಬೇಕು. ಅರ್ಧ ಸತ್ತ ಮರಕ್ಕೆ ಅದನ್ನು ಸುರಿದು ಪವಾಡ ಕಾಯಬೇಡಿ. ತಾಮ್ರದ ಔಷಧಿ ಸುರಿದ ಬೆನ್ನಿಗೇ ಹಾಕಲೂಬೇಡಿ.

ಬುಡದ ಗಾಯಕ್ಕೆ

ಫೈಟೋಫ್ಥೊರಾ ಎಂದು ಖಾತ್ರಿಯಾದರೆ ಸತ್ತ ತೊಗಟೆಯನ್ನು ಪೂರ್ತಿ ಹೆರೆದು, ಒಳ್ಳೆಯ ತೊಗಟೆಯನ್ನೂ ಒಂದೆರಡು ಸೆಂಟಿಮೀಟರ್ ಸೇರಿಸಿ ತೆಗೆಯಿರಿ. ಹೆರೆದ ಚೂರು ಅಲ್ಲೇ ಬೀಳದಂತೆ ಕೆಳಗೆ ಚೀಲ ಹಾಸಿ, ಆಮೇಲೆ ಸುಡಿ. ಒಂದೆರಡು ದಿನ ಗಾಯ ಆರಲಿ. ನಂತರ ಬೋರ್ಡೋ ಮುಲಾಮು ಬಳಿಯಿರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಲೋಹದ ಪಾತ್ರೆ ಬೇಡ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಬಳಸಿ. 1880ರ ದಶಕದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆಂದು ಬಂದ ಮದ್ದು ಇದು, ಬುಡಕ್ಕೆ ಬಳಿಯಲು ಇವತ್ತಿಗೂ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ.

ಮುಲಾಮು ಬಳಿದು ಮತ್ತೆ ಮಣ್ಣು ಮುಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ. ಬುಡ ತೆರೆದೇ ಇರಲಿ. ಆದರೆ ತೆರೆದ ಜಾಗ ನೀರು ತುಂಬುವ ಗುಂಡಿಯಾಗಬಾರದು, ಒಂದು ಕಡೆ ಕಚ್ಚು ಹಾಕಿ ನೀರು ಹೊರಗೆ ಬಿಡಿ. ಹನಿ ನೀರಿನ ತೂತು ಬುಡದಿಂದ ದೂರ ಸರಿಸಿ. ಪಾತಿ ಮಾಡಿದ್ದರೆ ಕಾಂಡದ ಸುತ್ತ ಒಳಗೊಂದು ಏರಿ ಕಟ್ಟಿ, ನೀರು ಎರಡು ಏರಿಗಳ ನಡುವೆ ಮಾತ್ರ ನಿಲ್ಲಲಿ. ಬೇರು ಕಡಿಮೆಯಾದ ಮರಕ್ಕೆ ಹಣ್ಣಿನ ಹೊರೆ ಇಳಿಸಿ, ಒಣ ರೆಂಬೆ ತೆಗೆಯಿರಿ. ಸಾರಜನಕ ಗೊಬ್ಬರ ಈಗ ಬೇಡ.

ಉಳಿಸುವುದೋ, ಕೀಳುವುದೋ

ಕಾಂಡದ ಸುತ್ತಳತೆಯಲ್ಲಿ ಅರ್ಧಕ್ಕಿಂತ ಕಡಿಮೆ ಸತ್ತಿದ್ದರೆ ಪ್ರಯತ್ನಿಸಿ. ಬೆಲೆಬಾಳುವ ಮರವಾದರೆ ಪಕ್ಕದಲ್ಲಿ ರೋಗ ತಡೆಯುವ ಬೇರುಸಸಿಗಳನ್ನು ನೆಟ್ಟು, ಅವುಗಳ ತುದಿಯನ್ನು ಗಾಯದ ಮೇಲ್ಭಾಗದ ಕಾಂಡಕ್ಕೆ ಕಸಿ ಮಾಡಿ ಹೊಸ ಬೇರು ಕೊಡಬಹುದು. ಅರ್ಧ ದಾಟಿದ್ದರೆ ನನ್ನ ಮಾತು ಕೇಳಿ, ಕಿತ್ತುಬಿಡಿ. ಇನ್ನೊಂದು ವರ್ಷ ಎಳೆದಾಡಿಸಿದರೆ ರೋಗಾಣು ಮಣ್ಣಲ್ಲಿ ಇನ್ನಷ್ಟು ತುಂಬಿಕೊಳ್ಳುತ್ತದೆ.

ಆರ್ಮಿಲೇರಿಯಾ, ರೊಸೆಲಿನಿಯಾ ಆದರೆ ಬೊಡ್ಡೆಯ ಜೊತೆ ಬೆರಳು ಗಾತ್ರದ ಬೇರನ್ನೂ ಬಿಡದೆ ಹೆಕ್ಕಿ ತೆಗೆಯಬೇಕು. ಮಣ್ಣಲ್ಲಿ ಉಳಿದ ಬೇರಿನ ತುಂಡಿನಲ್ಲಿ ಆರ್ಮಿಲೇರಿಯಾ ದಶಕಗಟ್ಟಲೆ ಬದುಕುತ್ತದೆ. ಕಿತ್ತ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಯಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯಡಿ ಮಣ್ಣು ಹೆಚ್ಚು ಕಾಯುತ್ತದೆ. ಮೇಲ್ಮಣ್ಣಿಗೆ ಇದು ಸಾಕು, ಆಳದ ಬೇರಿಗೆ ಬಿಸಿ ತಲುಪುವುದಿಲ್ಲ.

ಮತ್ತೆ ನೆಡುವಾಗ ದಿಬ್ಬದ ಮೇಲೆ ನೆಡಿ, ಕಸಿ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಲಿ. ಬೇರುಸಸಿ ಯಾವುದೆಂದು ಸಸಿ ಕೊಡುವವರನ್ನು ಕೇಳಿ. ಸೇಬಿನಲ್ಲಿ ಎಂಎಂ 106 ಬುಡ ಕೊಳೆಗೆ ಬೇಗ ಬಲಿಯಾಗುತ್ತದೆ, ಎಂ 9 ತಡೆದುಕೊಳ್ಳುತ್ತದೆ. ಕಿತ್ತಳೆ ಜಾತಿಯಲ್ಲಿ ಟ್ರೈಫೋಲಿಯೇಟ್ ಬೇರುಸಸಿ ಗಟ್ಟಿ. ಹುಳಿ ಕಿತ್ತಳೆಯೂ ಬುಡ ಕೊಳೆ ತಡೆಯುತ್ತದೆ, ಆದರೆ ಟ್ರಿಸ್ಟೆಜಾ ಎಂಬ ನಂಜು (ವೈರಸ್) ರೋಗ ಇರುವ ಕಡೆ ಅದನ್ನು ನಂಬುವಂತಿಲ್ಲ. ಸಸಿ ತಂದ ಮೇಲೆ ಚೀಲ ಬಿಚ್ಚಿ ಬೇರಿನ ತುದಿ ನೋಡಿ. ಕಂದಾಗಿ ಸಿಪ್ಪೆ ಕಳಚುತ್ತಿದ್ದರೆ ಅದನ್ನು ಗುಂಡಿಗೆ ಇಳಿಸಬೇಡಿ, ವಾಪಸ್ ಕೊಡಿ.